ಹಾಲಿನ ಲೆಕ್ಕ: ನಮ್ಮ ಸೀಮೆಯ ಸಂಘಗಳು ಅಂಕಿ ಓದಲು ಕಲಿತ ಬಗೆ

ರಜತ ಮಹೋತ್ಸವದ ಸಂಚಿಕೆ ಎಂದರೆ ಅಧ್ಯಕ್ಷರುಗಳ ಪಟ್ಟಿ, ಕಟ್ಟಡದ ಫೋಟೋ, ಬೋನಸ್ ಹಂಚಿದ ವಿವರ ಇವು ಇರಲೇಬೇಕು. ಅವು ಬೇರೆ ಪುಟಗಳಲ್ಲಿ ಇವೆ. ನಾವು ಇಲ್ಲಿ ಬರೆಯಹೊರಟಿರುವುದು ಸಂಘದ ಬೀರುವಿನಲ್ಲಿ ಧೂಳು ಹಿಡಿದು ಕೂತಿರುವ ಪುಸ್ತಕಗಳ ವಿಚಾರ. ಹಾಲು ಖರೀದಿ ಪುಸ್ತಕ, ಪರೀಕ್ಷಾ ಪುಸ್ತಕ, ಬಟವಾಡೆ ಪುಸ್ತಕ, ಗರ್ಭಧಾರಣೆ ಪುಸ್ತಕ, ಟ್ರಕ್ ಶೀಟಿನ ಫೈಲು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಈ ನಾಲ್ಕು ತಾಲ್ಲೂಕುಗಳಲ್ಲಿ ಯಾವ ಹಾಲು ಸಂಘಕ್ಕೆ ಹೋದರೂ ಇವು ಇದ್ದೇ ಇರುತ್ತವೆ. ಬರೆಯುವವರು ಇದ್ದಾರೆ, ಆಡಿಟ್‌ನವರು ಬಂದು ಟಿಕ್ ಹಾಕುತ್ತಾರೆ. ಆದರೆ ಹಾಲು ಹಾಕುವ ನಾವು ಅದನ್ನು ಓದುತ್ತೇವೆಯೇ, ಓದಿ ಏನಾದರೂ ಮಾಡುತ್ತೇವೆಯೇ ಎಂಬುದೇ ಈ ಲೇಖನದ ಪ್ರಶ್ನೆ.

ಸಂಘಗಳು ಬರುವುದಕ್ಕೆ ಮುಂಚೆ ನಮ್ಮ ಕಡೆ ಇದ್ದದ್ದು ವರ್ತನೆ ಹಾಲು. ಹಾಲಿನವನು ಬಾಗಿಲಿಗೆ ಬರುತ್ತಿದ್ದ, ಪಾವು ಸೇರಿನಲ್ಲಿ ಅಳೆದುಕೊಂಡು ಹೋಗುತ್ತಿದ್ದ. ಗೋಡೆಯ ಮೇಲೆ ಇದ್ದಿಲ ಗೀಟು ಎಳೆದರೆ ಅದೇ ಲೆಕ್ಕ. ಮಳೆಗೆ ಗೋಡೆ ತೊಳೆದು ಹೋದರೆ ಲೆಕ್ಕವೂ ಹೋಯಿತು. ಹಾಲಿನವನ ಹತ್ತಿರ ಹಿಂಡಿ, ಬೂಸಾಕ್ಕೆ ಮುಂಗಡ ತಂದಿದ್ದರೆ ಅಳತೆಯನ್ನು ಪ್ರಶ್ನೆ ಮಾಡುವ ಬಾಯಿ ಯಾರಿಗೂ ಇರಲಿಲ್ಲ. 1956ರ ಕಾಯಿದೆಯ ಮೇಲೆ ಲೀಟರು, ಕಿಲೋ ಬಂದವು. ಅಳತೆಯ ಪಾತ್ರೆ ಬದಲಾಯಿತೇ ಹೊರತು ಅಳೆಯುವ ಕೈ ಬದಲಾಗಲಿಲ್ಲ.

ಅಂಕಿಅಂಶ ಹಿಡಿದು ಯೋಜನೆ ಮಾಡಬೇಕು ಎಂಬ ಮಾತು ನಮ್ಮ ಸೀಮೆಗೆ ಹೊಸದೇನಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರ ಮುದ್ದೇನಹಳ್ಳಿ 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಗುವ ತನಕ ಕೋಲಾರ ಜಿಲ್ಲೆಯ ಊರೇ ಆಗಿತ್ತು. ಅವರ ಒತ್ತಾಸೆಯಿಂದ 1911ರಲ್ಲಿ ಮೈಸೂರು ಸಂಸ್ಥಾನದಲ್ಲಿ ಆರ್ಥಿಕ ಸಮ್ಮೇಳನ ಹುಟ್ಟಿತು. ವ್ಯವಸಾಯ, ಕೈಗಾರಿಕೆ, ವಿದ್ಯಾಭ್ಯಾಸಕ್ಕೆ ಬೇರೆ ಬೇರೆ ಸಮಿತಿಗಳಾದವು. ನಮ್ಮಲ್ಲಿ ಏನಿದೆ, ಎಷ್ಟಿದೆ, ಎಲ್ಲಿ ಸೋರುತ್ತಿದೆ ಎಂದು ಮೊದಲು ಎಣಿಸಿ, ಆಮೇಲೆ ಕೆಲಸಕ್ಕೆ ಕೈ ಹಾಕಬೇಕು ಎಂಬುದು ಅವರ ದಾರಿ. ಅದಕ್ಕೂ ಮೊದಲೇ, 1904ರ ಸಹಕಾರಿ ಕಾಯಿದೆಯ ಮರುವರ್ಷ, ಈಗಿನ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಪತ್ತಿನ ಸಂಘ ಕಟ್ಟಿದ್ದರು. ಪತ್ತಿನ ಸಂಘದಲ್ಲಿ ಲೆಕ್ಕ ಎಂದರೆ ಸಾಲ, ಬಡ್ಡಿ, ಕಂತು. ವರ್ಷಕ್ಕೆ ಒಂದೆರಡು ಸಲ ಪುಸ್ತಕ ತೆರೆದರೂ ನಡೆಯುತ್ತಿತ್ತು. ಹಾಲಿನ ಸಂಘ ಹಾಗಲ್ಲ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ, ವರ್ಷಕ್ಕೆ 730 ಸಲ ಪುಸ್ತಕ ತೆರೆಯಲೇಬೇಕು. ಇಷ್ಟು ಅಂಕಿ ಹುಟ್ಟಿಸುವ ಸಂಸ್ಥೆ ನಮ್ಮ ಹಳ್ಳಿಗಳಲ್ಲಿ ಇನ್ನೊಂದಿಲ್ಲ.

ಈ ಪದ್ಧತಿ ನಮಗೆ ಬಂದದ್ದು ಗುಜರಾತಿನ ಆನಂದದಿಂದ. ಅಲ್ಲಿ 1946ರಲ್ಲಿ ತ್ರಿಭುವನದಾಸ ಪಟೇಲರು ಕಟ್ಟಿದ ಖೇಡಾ ಒಕ್ಕೂಟಕ್ಕೆ 1949ರಲ್ಲಿ ಆನಂದಕ್ಕೆ ಬಂದ ವರ್ಗೀಸ್ ಕುರಿಯನ್ನರು ಕೈಜೋಡಿಸಿದರು. 1965ರಲ್ಲಿ ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿ ಆಯಿತು, 1970ರಿಂದ 1996ರವರೆಗೆ ಕ್ಷೀರಧಾರೆ ಯೋಜನೆ ನಡೆಯಿತು. ಕರ್ನಾಟಕದಲ್ಲಿ 1974ರಲ್ಲಿ ವಿಶ್ವಬ್ಯಾಂಕಿನ ನೆರವಿನ ಡೇರಿ ಅಭಿವೃದ್ಧಿ ಯೋಜನೆ ಶುರುವಾಗಿ, ಆಗ ಕಟ್ಟಿದ ನಿಗಮವೇ 1984ರಲ್ಲಿ ಹಾಲು ಮಹಾಮಂಡಳಿಯಾಯಿತು. ನಮ್ಮ ಜಿಲ್ಲೆಯ ಸಂಘಗಳು ಮೊದಲು ಬೆಂಗಳೂರು ಒಕ್ಕೂಟಕ್ಕೆ ಸೇರಿದ್ದವು. 1987ರಲ್ಲಿ ಕೋಲಾರ ಒಕ್ಕೂಟ ಬೇರೆಯಾಯಿತು. ನೆಹರೂ ಮಂತ್ರಿಮಂಡಲದಲ್ಲಿ ಕೃಷಿ ಖಾತೆಯ ಉಪಮಂತ್ರಿಯಾಗಿದ್ದ, ನಮ್ಮ ಜಿಲ್ಲೆಯವರೇ ಆದ ಎಂ.ವಿ. ಕೃಷ್ಣಪ್ಪನವರನ್ನು ಸೀಮೆ ಹಸುವಿನ ಮಾತು ಬಂದಾಗಲೆಲ್ಲ ಹಿರಿಯರು ಇವತ್ತಿಗೂ ನೆನೆಯುತ್ತಾರೆ. ವರ್ಷವಿಡೀ ಹರಿಯುವ ಒಂದು ಹೊಳೆಯೂ ಇಲ್ಲದ ಜಿಲ್ಲೆಯಲ್ಲಿ ಹಾಲು ಹರಿಯಿತು ಎಂದು ಭಾಷಣಗಳಲ್ಲಿ ಹೇಳುವುದುಂಟು. ಅದು ಹೇಗೆ ಹರಿಯಿತು ಎಂಬುದು ಭಾಷಣದಲ್ಲಿ ಸಿಗುವುದಿಲ್ಲ, ಪರೀಕ್ಷಾ ಪುಸ್ತಕದಲ್ಲಿ ಸಿಗುತ್ತದೆ.

ಹಾಲನ್ನು ಬರೀ ಅಳತೆಗೆ ಕೊಂಡರೆ ಏನಾಗುತ್ತದೆ? ನೀರು ಸೇರುತ್ತದೆ. ಇದು ನಮ್ಮೂರ ಚಾಳಿ ಮಾತ್ರವಲ್ಲ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಸಹ ಒಂದು ಕಾಲಕ್ಕೆ ಬೆಣ್ಣೆ ಕಾರ್ಖಾನೆಗಳು ತೂಕಕ್ಕೆ ದುಡ್ಡು ಕೊಡುತ್ತಿದ್ದವು. ಗಟ್ಟಿ ಹಾಲು ಹಾಕಿದವನಿಗೂ ಕೆನೆ ತೆಗೆದು ತಂದವನಿಗೂ ಒಂದೇ ದರ. 1890ರಲ್ಲಿ ಸ್ಟೀಫನ್ ಬ್ಯಾಬ್‌ಕಾಕ್ ಎಂಬ ಅಲ್ಲಿನ ವಿಶ್ವವಿದ್ಯಾನಿಲಯದ ರಸಾಯನ ಶಾಸ್ತ್ರಜ್ಞ ಹಾಲಿನ ಕೊಬ್ಬು ಅಳೆಯುವ ಸುಲಭ ಪರೀಕ್ಷೆ ಕಂಡುಹಿಡಿದು, ಪೇಟೆಂಟ್ ತೆಗೆದುಕೊಳ್ಳದೆ ಎಲ್ಲರಿಗೂ ಬಿಟ್ಟುಕೊಟ್ಟ. ಹೆಚ್ಚುಕಮ್ಮಿ ಅದೇ ಹೊತ್ತಿಗೆ ಸ್ವಿಟ್ಜರ್ಲೆಂಡಿನ ಗರ್ಬರ್ ಇನ್ನೊಂದು ವಿಧಾನ ತಂದ. ನಮ್ಮ ಸಂಘಗಳಿಗೆ ಬಂದದ್ದು ಈ ಗರ್ಬರ್ ಪರೀಕ್ಷೆ. 10 ಮಿ.ಲೀ. ಗಂಧಕಾಮ್ಲ, 10.75 ಮಿ.ಲೀ. ಹಾಲು, 1 ಮಿ.ಲೀ. ಅಮೈಲ್ ಆಲ್ಕೋಹಾಲ್ ಗಾಜಿನ ನಳಿಕೆಗೆ ಹಾಕಿ, ಬಿರಡೆ ಬಿಗಿದು, ಯಂತ್ರದಲ್ಲಿ ಗಿರಗಿರನೆ ತಿರುಗಿಸಿದರೆ ಕೊಬ್ಬು ಮೇಲೆ ಬಂದು ಹಳದಿ ಗೆರೆಯಾಗಿ ನಿಲ್ಲುತ್ತದೆ. ಆ ಗೆರೆಯನ್ನು ಓದಿ ಪುಸ್ತಕಕ್ಕೆ ಬರೆಯುವವನೇ ಹಾಲು ಪರೀಕ್ಷಕ. ಆಸಿಡ್ ಸಿಡಿದು ತೂತುಬಿದ್ದ ಅಂಗಿ ನೋಡಿಯೇ ಅವನ ಕೆಲಸ ಯಾವುದು ಎಂದು ಹೇಳಬಹುದಿತ್ತು.

ಈ ಗೆರೆಯ ಮಹತ್ವ ದೊಡ್ಡದು. ಜಾತಿ, ಜಮೀನು, ಬಾಯಿಜೋರು ಯಾವುದೂ ನಳಿಕೆಯೊಳಗೆ ಇಳಿಯಲಿಲ್ಲ. ಹತ್ತು ಎಕರೆಯವನ ಹಾಲೂ ಕೂಲಿ ಮಾಡುವವಳ ಚೆಂಬಿನ ಹಾಲೂ ಒಂದೇ ಸ್ಟ್ಯಾಂಡಿನಲ್ಲಿ ನಿಂತವು. ಶುರುವಿನಲ್ಲಿ ಜಗಳಗಳೂ ಕಡಿಮೆಯೇನಲ್ಲ. “ಯಾಕಣ್ಣಾ, ನೆನ್ನೆ ಬಂದಿದ್ದ ಫ್ಯಾಟು ಇವತ್ತು ಯಾಕೆ ಕಮ್ಮಿ ಬಂದೈತೆ? ಹಸ ಅದೇ, ಮೇವೂ ಅದೇ” ಎಂಬ ಮಾತು ಯಾವ ಸಂಘದ ಬಾಗಿಲಲ್ಲಿ ಕೇಳಿಬಂದಿಲ್ಲ? ಆ ಪ್ರಶ್ನೆ ಕೇಳುವುದು ತಪ್ಪಲ್ಲ. ಅದೇ ನಿಜವಾದ ಸದಸ್ಯತ್ವ ಎಂದು ನಮ್ಮ ಅಭಿಪ್ರಾಯ. ವರ್ತನೆ ಹಾಲಿನ ಕಾಲದಲ್ಲಿ ಹಾಗೆ ಕೇಳಲು ಅಂಕಿಯೇ ಇರಲಿಲ್ಲವಲ್ಲ.

ಆದರೆ ಯಾವುದನ್ನು ಅಳೆದು ದುಡ್ಡು ಕೊಡುತ್ತೇವೋ ಜನ ಅದರ ಹಿಂದೆಯೇ ಹೋಗುತ್ತಾರೆ. ಲೀಟರಿಗೆ ಕೊಟ್ಟಾಗ ನೀರು ಬಂತು. ಬರೀ ಕೊಬ್ಬಿಗೆ ಕೊಟ್ಟರೆ ಎಮ್ಮೆ ಹಾಲಿಗೆ ಬೆಲೆ, ಹಸುವಿನ ಹಾಲಿಗೆ ನಷ್ಟ. ನಮ್ಮ ಕಡೆ ಹಾಲೆಂದರೆ ಬಹುಪಾಲು ಸೀಮೆ ಹಸುವಿನದೇ. ಆದ್ದರಿಂದ ಕೊಬ್ಬಿನ ಜೊತೆಗೆ ಕೊಬ್ಬಲ್ಲದ ಘನಾಂಶಕ್ಕೂ, ಅಂದರೆ ಎಸ್‌ಎನ್‌ಎಫ್‌ಗೂ ಬೆಲೆ ಕಟ್ಟುವ ಎರಡಂಶದ ದರಪಟ್ಟಿ ಬಂತು. ಲ್ಯಾಕ್ಟೋಮೀಟರಿನ ಓದಿಕೆಯನ್ನೂ ಫ್ಯಾಟನ್ನೂ ಕೂಡಿಸಿ ಈ ಅಂಶವನ್ನು ಲೆಕ್ಕ ಹಾಕುತ್ತಾರೆ. ನಮ್ಮ ಜನ ಇದನ್ನು ಚಿಕ್ಕದಾಗಿ ‘ಡಿಗ್ರಿ’ ಎಂದು ಕರೆದುಬಿಟ್ಟರು. ಕರ್ನಾಟಕದಲ್ಲಿ ಹಸುವಿನ ಹಾಲಿಗೆ ಬಹಳ ಕಾಲ ನಿಗದಿಯಾಗಿದ್ದ ಮಟ್ಟ 3.5 ಫ್ಯಾಟ್, 8.5 ಎಸ್‌ಎನ್‌ಎಫ್. ಈ ಎರಡು ಸಂಖ್ಯೆಗಳು ನಮ್ಮ ಹೆಣ್ಣುಮಕ್ಕಳಿಗೆ ಮಗ್ಗಿಯಷ್ಟೇ ಬಾಯಿಪಾಠ.

ಬಾಯಿಪಾಠ ಬೇರೆ, ಓದಿ ತಿಳಿಯುವುದು ಬೇರೆ. ಒಂದೇ ದಿನದ ಅಂಕಿಯಿಂದ ಏನೂ ತಿಳಿಯುವುದಿಲ್ಲ. ಒಂದೇ ಮನೆಯ ಹದಿನೈದು ದಿನದ ಅಂಕಿ ಸಾಲಾಗಿ ಇಟ್ಟು ನೋಡಬೇಕು. ಫ್ಯಾಟ್ ಇಳಿದು ಹಾಲು ಹೆಚ್ಚಿದ್ದರೆ ಬಹುಶಃ ಮಳೆ ಬಿದ್ದು ಎಳೆ ಹಸಿರು ಹುಲ್ಲು ಸಿಕ್ಕಿದೆ, ರಾಗಿ ಹುಲ್ಲು ಕಮ್ಮಿಯಾಗಿದೆ. ಒಣ ಮೇವು ಸೇರಿಸಿದರೆ ಫ್ಯಾಟ್ ಮೇಲೇಳುತ್ತದೆ. ಎಸ್‌ಎನ್‌ಎಫ್ ಮೆಲ್ಲಗೆ ಇಳಿಯುತ್ತ ಹಾಲೂ ಇಳಿಯುತ್ತಿದ್ದರೆ ಮೇವಿನಲ್ಲಿ ಸತ್ವ ಸಾಲದು, ಅಥವಾ ಕಣ್ಣಿಗೆ ಕಾಣದ ಕೆಚ್ಚಲು ಬಾವು ಶುರುವಾಗಿದೆ. ಕೆಚ್ಚಲು ಕೆಂಪಾಗಿ ಗಟ್ಟಿಯಾಗುವ ಮೊದಲೇ ಪುಸ್ತಕದ ಅಂಕಿ ಸುಳಿವು ಕೊಡುತ್ತದೆ. ಪರೀಕ್ಷಕ “ನೀರು ಹಾಕಿದ್ದೀರಾ” ಎಂದು ಕೇಳುವ ಬದಲು “ಅಕ್ಕಾ, ಹಸನ್ನ ಡಾಕ್ಟರಿಗೆ ತೋರಿಸಿ” ಎಂದು ಹೇಳಬಹುದಾದ ಸಂದರ್ಭಗಳು ಎಷ್ಟೋ. ಅಂಕಿಯನ್ನು ಕಳ್ಳನನ್ನು ಹಿಡಿಯಲು ಮಾತ್ರ ಬಳಸಿದರೆ ಸದಸ್ಯರು ಅಂಕಿಗೆ ಹೆದರುತ್ತಾರೆ, ಓದುವುದನ್ನೇ ಬಿಟ್ಟುಬಿಡುತ್ತಾರೆ.

ಇನ್ನು ಸಂಘದ ಮಟ್ಟಕ್ಕೆ ಬರೋಣ. ಇಲ್ಲಿ ಎಲ್ಲಕ್ಕಿಂತ ಮುಖ್ಯವಾದ ಕಾಗದ ಟ್ರಕ್ ಶೀಟ್. ನಾವು ಸದಸ್ಯರಿಂದ ಎಷ್ಟು ಹಾಲು, ಎಷ್ಟು ಫ್ಯಾಟ್ ಎಂದು ಬರೆದುಕೊಂಡೆವು, ಡೇರಿಯವರು ಎಷ್ಟು ಎಂದು ಒಪ್ಪಿಕೊಂಡರು, ಇವೆರಡರ ನಡುವಿನ ಅಂತರವೇ ಸಂಘದ ಆರೋಗ್ಯ. ಒಂದು ಲೆಕ್ಕ ಹಾಕಿ ನೋಡೋಣ. ಸಂಘ ದಿನಕ್ಕೆ 400 ಕಿಲೋ ಹಾಲು ಕೊಂಡು ಸರಾಸರಿ 3.8 ಫ್ಯಾಟಿಗೆ ದುಡ್ಡು ಕೊಟ್ಟರೆ ಅದು 15.2 ಕಿಲೋ ಕೊಬ್ಬು. ಡೇರಿಯಲ್ಲಿ ಅದೇ ಹಾಲು 3.6 ಬಂದರೆ 14.4 ಕಿಲೋ. ದಿನಕ್ಕೆ 800 ಗ್ರಾಂ ವ್ಯತ್ಯಾಸ, ತಿಂಗಳಿಗೆ 24 ಕಿಲೋ. ಇದು ಯಾರ ಕಿಸೆಗೂ ಹೋಗಿರಲಿಕ್ಕಿಲ್ಲ. ಮಾದರಿ ತೆಗೆಯುವ ಮೊದಲು ಹಾಲನ್ನು ಸರಿಯಾಗಿ ಕಲಕದೆ ಮೇಲಿನ ಕೆನೆ ಹಾಲನ್ನೇ ತೆಗೆದಿರಬಹುದು, ನಳಿಕೆ ಓದುವಾಗ ಮುಖ ನೋಡಿ ಒಂದು ಗೆರೆ ಮೇಲೆ ಓದಿರಬಹುದು, ಡೇರಿಯ ಮಾದರಿಯಲ್ಲೇ ತಪ್ಪಿರಬಹುದು. ಯಾವುದು ಎಂದು ತಿಳಿಯಬೇಕಾದರೆ ಆಡಳಿತ ಮಂಡಳಿ ಸಭೆಯಲ್ಲಿ ಟ್ರಕ್ ಶೀಟು ಪ್ರತಿ ತಿಂಗಳು ಮೇಜಿನ ಮೇಲೆ ಬರಬೇಕು. ವರ್ಷದ ಕೊನೆಗೆ ಜಮಾಖರ್ಚು ನೋಡಿ “ಲಾಭ ಯಾಕೆ ಕಮ್ಮಿ” ಎಂದರೆ ಕಾರ್ಯದರ್ಶಿಯಾದರೂ ಏನು ಹೇಳಿಯಾನು? ಎ ದರ್ಜೆ, ಬಿ ದರ್ಜೆ ಎಂದು ಆಡಿಟ್ ವರ್ಗೀಕರಣ ಬರುವುದು ಎಲ್ಲ ಮುಗಿದ ಮೇಲೆ.

ಸುಗ್ಗಿ, ಬೇಸಿಗೆ ನೋಡಿಕೊಂಡು ಮುಂದಿನದನ್ನು ಯೋಚಿಸುವುದಕ್ಕೂ ಈ ಪುಸ್ತಕವೇ ಆಧಾರ. ಶ್ರೀನಿವಾಸಪುರದ ಕಡೆ ಮಾವಿನ ಕಾಯಿ ಕೀಳುವ ದಿನಗಳಲ್ಲಿ ಮನೆಮಂದಿಯೆಲ್ಲ ತೋಪಿನಲ್ಲಿರುತ್ತಾರೆ. ಮಾಲೂರಿನ ಕಡೆ ತರಕಾರಿ, ಹೂವು, ಫ್ಯಾಕ್ಟರಿ ಶಿಫ್ಟು. ಕೋಲಾರದ ಸುತ್ತ ಟೊಮೆಟೊ ಮಾರುಕಟ್ಟೆಗೆ ರಾತ್ರಿಯೇ ಗಾಡಿ ಕಟ್ಟಬೇಕು. ಮುಳಬಾಗಿಲಿನ ಗಡಿ ಹಳ್ಳಿಗಳಲ್ಲಿ ಮೇವಿನ ವ್ಯಾಪಾರವೇ ಆಂಧ್ರದ ಊರುಗಳ ಜೊತೆ ಕಲೆತುಹೋಗಿದೆ. ಹೀಗಿರುವಾಗ ಪಕ್ಕದ ತಾಲ್ಲೂಕಿನ ಸಂಘ ಇಷ್ಟು ಹಾಕಿತು, ನೀವೇಕೆ ಹಾಕಲಿಲ್ಲ ಎಂದು ಕೇಳುವುದರಲ್ಲಿ ಅರ್ಥವಿಲ್ಲ. ನಮ್ಮ ಸಂಘದ ಈ ಏಪ್ರಿಲ್ಲನ್ನು ನಮ್ಮದೇ ಹೋದ ಏಪ್ರಿಲ್ಲಿನ ಜೊತೆ ಹೋಲಿಸಬೇಕು. ಆಗ ಪಶು ಆಹಾರ ಎಷ್ಟು ತರಿಸಬೇಕು, ಮೇವಿನ ಬೀಜ ಯಾವಾಗ ಹಂಚಬೇಕು ಎಂಬುದು ಊಹೆಯಾಗಿ ಉಳಿಯುವುದಿಲ್ಲ. ಹಸುವಿನ ಮೈಗೆ ದಿನಕ್ಕೆ ಒಂದೂವರೆ ಕಿಲೋ, ಕರೆಯುವ ಪ್ರತಿ ಲೀಟರಿಗೆ 400 ಗ್ರಾಂ ಎಂಬ ರೂಢಿಯ ಲೆಕ್ಕ ಹಿಡಿದರೆ ಹತ್ತು ಲೀಟರಿನ ಹಸುವಿಗೆ ಐದೂವರೆ ಕಿಲೋ ಬೇಕು. 50 ಕಿಲೋ ಮೂಟೆ ಒಂಬತ್ತು ದಿನ ಬರುತ್ತದೆ. ಅಂಥ ನೂರು ಹಸುವಿದ್ದರೆ ದಿನಕ್ಕೆ 11 ಮೂಟೆ. ಇಷ್ಟು ಲೆಕ್ಕ ಗೋಡೆಯ ಮೇಲೆ ಬರೆದಿದ್ದರೆ ಆಹಾರ ಮುಗಿದ ಮೇಲೆ ಇಂಡೆಂಟು ಹಾಕುವ ಗತಿ ಬರುವುದಿಲ್ಲ.

ಗರ್ಭಧಾರಣೆ ಪುಸ್ತಕದ ವಿಷಯದಲ್ಲಿ ನಾವು ಸ್ವಲ್ಪ ಖಾರವಾಗಿಯೇ ಹೇಳಬೇಕಾಗಿದೆ. ಎಷ್ಟು ಸೂಜಿ ಹಾಕಲಾಯಿತು ಎಂಬ ಸಂಖ್ಯೆ ವರದಿಗೆ ಸೇರುತ್ತದೆ. ಎಷ್ಟು ಗಬ್ಬ ನಿಂತವು, ಎಷ್ಟು ಕರು ಹುಟ್ಟಿದವು, ಅದರಲ್ಲಿ ಹೆಣ್ಣೆಷ್ಟು ಎಂಬ ಅಂಕಣ ಬಹಳ ಕಡೆ ಖಾಲಿ. ಒಂದು ಹಸು ಮೂರು ಸಲ ತಿರುಗಿ ಬೆದೆಗೆ ಬಂದರೆ ಪುಸ್ತಕದಲ್ಲಿ ಮೂರು ಕೆಲಸ ಆದಂತೆ ಕಾಣುತ್ತದೆ, ಸಾಕಿದವನಿಗೆ ಮೂರು ತಪ್ಪಿದಂತೆ. ಒಂದು ಬೆದೆ ತಪ್ಪಿದರೆ 21 ದಿನ ಹೋಯಿತು. ಹದಿಮೂರು ತಿಂಗಳಿಗೊಂದು ಕರು ಹಾಕುವ ಹಸು ಆರೂವರೆ ವರ್ಷದಲ್ಲಿ ಆರು ಸೂಲು ಮುಗಿಸುತ್ತದೆ. ಹದಿನೆಂಟು ತಿಂಗಳಿಗೊಂದು ಹಾಕುವ ಹಸು ಅಷ್ಟೇ ಕಾಲದಲ್ಲಿ ನಾಲ್ಕು ಮುಗಿಸಿ ಐದನೆಯದಕ್ಕೆ ಕಾಯುತ್ತಿರುತ್ತದೆ. ಮೇವು ಮಾತ್ರ ಎರಡಕ್ಕೂ ದಿನಾ ಬೇಕು. ಹಾಲು ಕಮ್ಮಿಯಾಯಿತು ಎಂದು ಮೇವಿನ ಮೇಲೆ, ದರದ ಮೇಲೆ ತಪ್ಪು ಹೊರಿಸುವ ಮೊದಲು ಈ ಎರಡು ಕರುವಿನ ನಡುವಿನ ತಿಂಗಳು ಎಷ್ಟು ಎಂದು ನೋಡಿಕೊಳ್ಳಬೇಕು. ಈಚೆಗೆ ಹಸುಗಳ ಕಿವಿಗೆ ಹಳದಿ ಓಲೆ ಹಾಕಿ 12 ಅಂಕಿಯ ಸಂಖ್ಯೆ ಕೊಡುತ್ತಿರುವುದು ಈ ದೃಷ್ಟಿಯಿಂದ ಒಳ್ಳೆಯದೇ. ಓಲೆ ಹಾಕಿದ್ದು ಇನ್ಶೂರೆನ್ಸಿಗೆ ಮಾತ್ರ ಅಂತ ನಮ್ಮಲ್ಲಿ ಎಷ್ಟೋ ಜನ ತಿಳಿದಿದ್ದಾರೆ. ಆ ಸಂಖ್ಯೆಯ ಮುಂದೆ ಸೂಜಿ, ಸೂಲು, ಕಾಯಿಲೆ ಎಲ್ಲ ಏರಿಸುತ್ತಾ ಬಂದರೆ ಅದು ಹಸುವಿನ ಜಾತಕವೇ ಸರಿ.

ಸದಸ್ಯರ ಪಟ್ಟಿಯೂ ಒಂದು ಅಂಕಿಅಂಶವೇ ಎಂಬುದನ್ನು ಮರೆಯಬಾರದು. ಹುಲ್ಲು ಕುಯ್ಯುವವರು, ಸಗಣಿ ಬಾಚುವವರು, ಕೆಚ್ಚಲು ತೊಳೆದು ಕರೆಯುವವರು ಹೆಣ್ಣುಮಕ್ಕಳು. ಪುಸ್ತಕದಲ್ಲಿ ಹೆಸರು ಗಂಡಸರದು. ಕೇಂದ್ರ ಸರ್ಕಾರದ ಸ್ಟೆಪ್ ಯೋಜನೆಯಡಿ ಮಹಿಳಾ ಹಾಲು ಸಂಘಗಳು ಹುಟ್ಟಿದ ಮೇಲೆ ಈ ಸ್ಥಿತಿ ಸ್ವಲ್ಪ ಬದಲಾಯಿತು. ಬಟವಾಡೆ ಯಾರ ಕೈಗೆ ಹೋಗುತ್ತದೆ ಎಂಬುದಕ್ಕೂ ಮನೆಯಲ್ಲಿ ಯಾವ ಖರ್ಚು ನಡೆಯುತ್ತದೆ ಎಂಬುದಕ್ಕೂ ಇರುವ ಸಂಬಂಧ ಓದುಗರಿಗೆ ನಾವು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಸಂಘದ 25 ವರ್ಷದಲ್ಲಿ ಕಂಡ ದೊಡ್ಡ ಬದಲಾವಣೆ ಯಂತ್ರ. ಆಸಿಡ್ ಹೋಯಿತು, ಎಲೆಕ್ಟ್ರಾನಿಕ್ ತೂಕ, ಹಾಲು ವಿಶ್ಲೇಷಕ, ಕಂಪ್ಯೂಟರ್ ಬಂತು. ಕ್ಯಾನಿನ ಸಾಲಿನ ಜಾಗಕ್ಕೆ ಅನೇಕ ಕಡೆ ಶೀತಲೀಕರಣದ ತೊಟ್ಟಿ ಬಂತು. 2008ರಲ್ಲಿ ರಾಜ್ಯ ಸರ್ಕಾರ ಲೀಟರಿಗೆ 2 ರೂಪಾಯಿ ಪ್ರೋತ್ಸಾಹಧನ ಕೊಡಲು ಆರಂಭಿಸಿ, 2013ರಲ್ಲಿ 4, 2016ರಲ್ಲಿ 5 ರೂಪಾಯಿಗೆ ಏರಿಸಿತು. ಇದು ಯಾರು ಎಷ್ಟು ಹಾಲು ಹಾಕಿದರು ಎಂಬ ದಾಖಲೆಯ ಮೇಲೆಯೇ ಬರುವ ಹಣ. ಹಾಗಾಗಿ ಪುಸ್ತಕ ಚೊಕ್ಕವಾಗಿಡುವ ಅನಿವಾರ್ಯತೆಯೂ ಹೆಚ್ಚಿತು. ಪರೀಕ್ಷಕನ ಕಣ್ಣಿನ ದಾಕ್ಷಿಣ್ಯ ಹೋಗಿ ಅಂಕಿ ತಾನೇ ಚೀಟಿಯಲ್ಲಿ ಅಚ್ಚಾಗಿ ಬರುತ್ತದೆ. ಇದು ಲಾಭವೇ. ಆದರೆ ಯಂತ್ರವೂ ತಪ್ಪು ಓದುತ್ತದೆ. ಅದನ್ನು ದಿನಾ ತೊಳೆದು, ಆಗಾಗ್ಗೆ ಹಳೆಯ ಪರೀಕ್ಷೆಯ ಜೊತೆ ತಾಳೆ ನೋಡಬೇಕು. ಇನ್ನೊಂದು ನಷ್ಟವೂ ಆಗಿದೆ. ಮೊದಲು ಪರೀಕ್ಷಕ ಹೆಸರು ಕೂಗಿ ಫ್ಯಾಟ್ ಓದುತ್ತಿದ್ದ, ಸಾಲಿನಲ್ಲಿದ್ದವರೆಲ್ಲ ಕೇಳಿಸಿಕೊಳ್ಳುತ್ತಿದ್ದರು, ಮಾತು ಹುಟ್ಟುತ್ತಿತ್ತು. ಈಗ ಚೀಟಿ ಬರುತ್ತದೆ, ಮಡಿಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗುತ್ತಾರೆ, ಒಗೆಯುವಾಗ ನೆನೆದು ಹಾಳಾಗುತ್ತದೆ. ಅಂಕಿ ಎಲ್ಲ ಮೇಲಕ್ಕೆ, ಒಕ್ಕೂಟದ ಕಂಪ್ಯೂಟರಿಗೆ ಹೋಗುತ್ತದೆ. ಅಲ್ಲಿ ಓದುವವರಿದ್ದಾರೆ, ಲಾರಿ ಮಾರ್ಗ, ಪುಡಿ, ಪ್ಯಾಕೆಟ್ಟು ಎಲ್ಲ ಅದರ ಮೇಲೆ ತೀರ್ಮಾನವಾಗುತ್ತದೆ. ಅದೇ ಅಂಕಿ ಹುಟ್ಟಿದ ಊರಿನಲ್ಲಿ ಓದುವವರು ಕಮ್ಮಿಯಾಗಿದ್ದಾರೆ.

ಕೊನೆಗೆ, ಯಾವ ಪುಸ್ತಕದಲ್ಲೂ ಇಲ್ಲದ ಅಂಕಿಯ ಬಗ್ಗೆ ಒಂದು ಮಾತು. ನಮ್ಮ ಮನೆಯಿಂದ ಹೊರಗೆ ಹೋದ ಹಾಲಿನ ಪ್ರತಿ ಹನಿಗೂ ಲೆಕ್ಕವಿದೆ. ಒಳಗೆ ಬಂದದ್ದಕ್ಕೆ ಇಲ್ಲ. ಕರೆಯುವ ಸೀಮೆ ಹಸು ದಿನಕ್ಕೆ 50ರಿಂದ 80 ಲೀಟರ್ ನೀರು ಕುಡಿಯುತ್ತದೆ. ಮೇವು ಬೆಳೆಯುವ ನೀರು ಬೇರೆ. ಸಾವಿರ ಅಡಿ ದಾಟಿದ ಕೊಳವೆ ಬಾವಿಗಳ ಜಿಲ್ಲೆ ನಮ್ಮದು. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಕೆ.ಸಿ. ವ್ಯಾಲಿ ಯೋಜನೆಯಲ್ಲಿ ನಮ್ಮ ಕೆರೆಗಳಿಗೆ ಬರಲು ಶುರುವಾಯಿತು. ಆದರೂ ನೀರನ್ನು ಪುಕ್ಕಟೆ ಎಂದು ಬರೆಯುವ ಕಾಲ ಹೋಗಿದೆ. ಹಿಂಡಿ, ಬೂಸಾ, ಹುಲ್ಲು, ಡಾಕ್ಟರ ಖರ್ಚು, ಸಾಲದ ಬಡ್ಡಿ, ಮನೆಯ ಇಬ್ಬರ ದಿನಕ್ಕೆ ನಾಲ್ಕೈದು ಗಂಟೆಯ ದುಡಿಮೆ, ಇದನ್ನೆಲ್ಲ ಬರೆದು ಲೀಟರಿಗೆ ಎಷ್ಟು ಬಿತ್ತು ಎಂದು ಹೇಳಬಲ್ಲ ಸದಸ್ಯರು ಎಷ್ಟು ಜನ? ದರ ಸಾಲದು ಎಂದು ನಾವು ಒಕ್ಕೂಟದ ಮುಂದೆ ಹೇಳುವಾಗ ಕೈಯಲ್ಲಿ ಈ ಲೆಕ್ಕ ಇಲ್ಲದಿದ್ದರೆ ಅದು ಬರೀ ಗೋಳಾಗಿ ಕೇಳಿಸುತ್ತದೆ.

ಒಂದು ನೂರು ಪುಟದ ನೋಟ್ ಪುಸ್ತಕ ಸಾಕು. ಎಡ ಪುಟದಲ್ಲಿ ಹಾಲು, ಫ್ಯಾಟ್, ಡಿಗ್ರಿ, ಬಂದ ಹಣ. ಬಲ ಪುಟದಲ್ಲಿ ಮೇವು, ಆಹಾರ, ಔಷಧಿ, ಬೆದೆ ಬಂದ ತಾರೀಖು. ಮನೆಯಲ್ಲಿ ಹೈಸ್ಕೂಲಿಗೆ ಹೋಗುವ ಮಗುವಿಗೆ ಈ ಕೆಲಸ ವಹಿಸಿದರೆ ರಾತ್ರಿ ಐದು ನಿಮಿಷದ ಮಾತು. ಮುಂದಿನ ವಾರ್ಷಿಕ ಮಹಾಸಭೆಗೆ ಸದಸ್ಯ ಬಾಂಧವರು, ಅದರಲ್ಲೂ ತಾಯಂದಿರು, ಹಾಗೆ ಬರೆದಷ್ಟನ್ನು ಜೊತೆಗೆ ತರಬೇಕೆಂದು ಕೋರುತ್ತೇವೆ. ಸಂಘದ ಟ್ರಕ್ ಶೀಟಿನ ಫೈಲೂ ಅವತ್ತು ಮೇಜಿನ ಮೇಲೆ ಬಿಚ್ಚಿಟ್ಟಿರಲಿ. ಎರಡನ್ನೂ ಪಕ್ಕಪಕ್ಕ ಇಟ್ಟು ಓದೋಣ.